ಲೋಡಿಗೆ ಮುಂಚೆ ಡ್ರೈವರ್‌ಗೆ ಅರ್ಧ ಗಂಟೆ ಕೊಡಿ

ಹೊರರಾಜ್ಯಕ್ಕೆ ಟೊಮೆಟೊ ತುಂಬೋಕೆ ಲಾರಿ ಬಂದ ಕೂಡ್ಲೇ ನಾವೆಲ್ಲ 'ಬೇಗ, ಬೇಗ' ಅಂತ ಡ್ರೈವರ್ ಪ್ರಾಣ ತಿಂತೀವಿ. ಇದು ನಿಲ್ಲಬೇಕು ಅನ್ನೋದು ನನ್ನ ವಾದ.

12, 14 ಚಕ್ರದ ಎಷ್ಟೋ ಲಾರಿಗಳಲ್ಲಿ ಲಿಫ್ಟ್ ಆಕ್ಸಲ್ ಇರುತ್ತಲ್ಲ, ಅದು ಕೆಲಸ ಮಾಡೋದು ರಬ್ಬರ್ ಬಲೂನಿನ ಗಾಳಿಯಿಂದ. ಭಾರ ಹೊರೋ ಬಲೂನು ಲೀಕ್ ಆದ್ರೆ ಆಕ್ಸಲ್ ಕೆಳಗಿಳಿದಿದ್ರೂ ತನ್ನ ಪಾಲಿನ ಭಾರ ಹೊರಲ್ಲ. ಅದೆಲ್ಲ ಉಳಿದ ಆಕ್ಸಲ್, ಟೈರ್ ಮೇಲೆ ಬೀಳುತ್ತೆ. ದಾರೀಲಿ ಟೈರ್ ಸಿಡಿದು ಲಾರಿ ನಿಂತ್ರೆ ಕೊಳೆಯೋದು ಯಾರ ಹಣ್ಣು?

ನೋಡೋದೇನು ಕಷ್ಟ ಇಲ್ಲ. ಬಲೂನಿನ ಮಡಿಕೆಯಲ್ಲಿ ಬಿರುಕು, ಉಜ್ಜಿದ ಗುರುತು, ಸಿಕ್ಕಿಕೊಂಡ ಕಲ್ಲು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡ್ಬೇಕು. ಪೈಪ್ ಜಾಯಿಂಟಿಗೆ ಸೋಪ್ ನೀರು ಹಚ್ಚಿದ್ರೆ ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತೆ. ಏರ್ ಟ್ಯಾಂಕಿನ ನೀರು ಬಿಡೋದಂತೂ ತಪ್ಪಬಾರ್ದು, ಬ್ರೇಕಿಗೂ ಅದೇ ಕಂಪ್ರೆಸರ್ ಗಾಳಿ. ನೀರಿನ ಜೊತೆ ಎಣ್ಣೆ ಬಂದ್ರೆ ಮೆಕ್ಯಾನಿಕ್‌ಗೆ ತೋರಿಸ್ಲೇಬೇಕು.

ಇನ್ನೊಂದು ಮಾತು. ಬರೀ ಗಾಳಿ ಮೇಲೆ ನಿಂತಿರೋದರ ಕೆಳಗೆ, ಸ್ಟ್ಯಾಂಡ್ ಕೊಡದೆ ಕ್ಲೀನರ್ ಹುಡುಗನ್ನ ನುಗ್ಗಿಸಬೇಡಿ. ಗಾಳಿ ಹೇಳಿ ಕೇಳಿ ಹೋಗಲ್ಲ.

ಬಾಡಿಗೆ ಮಾತಾಡುವಾಗ್ಲೇ ಹೇಳಿಬಿಡೋಣ: ಲಾರಿ ಅರ್ಧ ಗಂಟೆ ಮುಂಚೆ ಬರ್ಲಿ, ಟೀ ನಮ್ದು.