ಅವರೆಕಾಯಿ ಕೂಡಿಡುವ ಮುನ್ನ

ಮಾಗಿಯ ಚಳಿ ಬಂತೆಂದರೆ ತುಮಕೂರು ರಸ್ತೆಯ ಮಾಕಳಿಯಿಂದ ಯಶವಂತಪುರದವರೆಗೆ ಯಾರ ಅಡುಗೆಮನೆಗೆ ಹೋದರೂ ಅವರೆಕಾಯಿಯ ಸೊಗಡು. ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ ಎಲ್ಲದಕ್ಕೂ ಅದೇ. ಬೆಲೆ ಇಳಿದಾಗ ಐದಾರು ಕೆ.ಜಿ. ತಂದು, ಭಾನುವಾರ ಮನೆಮಂದಿಯೆಲ್ಲ ಕುಳಿತು ಸುಲಿದು, ವಾರಕ್ಕಾಗುವಷ್ಟು ಕಾಳನ್ನು ಫ್ರಿಜ್ಜಿನಲ್ಲಿ ತುಂಬಿಡುವುದು ಅನೇಕರ ರೂಢಿ. ಕೆಲಸಕ್ಕೆ ಹೋಗುವ ಗೃಹಿಣಿಗೆ ಇದು ಅನುಕೂಲವೇ ಸರಿ. ಆದರೆ ಈ ಉಳಿತಾಯದಲ್ಲಿ ಸೋರಿಹೋಗುವುದೇನು ಎಂಬುದನ್ನೂ ತಿಳಿದಿರುವುದು ಒಳ್ಳೆಯದು.

ಗಿಡದಿಂದ ಕಿತ್ತ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಉಸಿರಾಟ ಸುಮಾರು ಎರಡು ಮೂರು ಪಟ್ಟಾಗುತ್ತದೆ. ಅದಕ್ಕಾಗಿ ಕಾಳು ತನ್ನದೇ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಹಳೆಯ ಬಟಾಣಿ ಸಪ್ಪೆಯಾಗಲು ಇದೂ ಒಂದು ಕಾರಣ. ಮೊದಲು ನಷ್ಟವಾಗುವುದು ‘ಸಿ’ ಜೀವಸತ್ವ. ಫೋಲೇಟ್ ಕೂಡ ಕ್ರಮೇಣ ಕಡಿಮೆಯಾಗುತ್ತದೆ. ಗರ್ಭಿಣಿಯರಿಗೂ ತಾಯಿಯಾಗಲಿರುವವರಿಗೂ ಅತ್ಯಗತ್ಯವಾದ ಈ ಫೋಲೇಟಿಗೆ ಹಸಿ ಕಾಳುಗಳು ಒಳ್ಳೆಯ ಮೂಲ. (ವೈದ್ಯರು ಕೊಟ್ಟ ಮಾತ್ರೆಗೆ ಇವು ಬದಲಿಯಲ್ಲ.) ಪ್ರೋಟೀನು, ನಾರು, ಕಬ್ಬಿಣಗಳಿಗೆ ನಾಲ್ಕು ದಿನದಲ್ಲಿ ಹೆಚ್ಚೇನೂ ಆಗದು. ಆದ್ದರಿಂದ ಗಾಬರಿ ಬೇಡ, ಎಚ್ಚರ ಸಾಕು.

ಕಾಯಿಯ ಸಿಪ್ಪೆಯೇ ಕಾಳಿಗೆ ಹೊದಿಕೆ. ಸುಲಿದರೆ ಗಾಳಿ ತಗಲುತ್ತದೆ. ಹಿತಕಿದರೆ ಇನ್ನೂ ಹೆಚ್ಚು. ನೆನೆಸದೆ ಹಿತಕಲು ಬಾರದು, ನಿಜ. ಆದರೆ ಹಿತಕಿದ ಬೇಳೆಯನ್ನು ಮತ್ತೆ ರಾತ್ರಿಯಿಡೀ ನೀರಿನಲ್ಲಿ ಬಿಟ್ಟರೆ, ನೀರಿನಲ್ಲಿ ಕರಗುವ ಜೀವಸತ್ವಗಳು ಬೆಳಿಗ್ಗೆ ಚೆಲ್ಲುವ ನೀರಿನೊಡನೆ ಮೋರಿ ಸೇರುತ್ತವೆ. ಹಿತಕಿದ ದಿನವೇ ಬೇಯಿಸಿ. ಬೇಯಿಸಿದ ನೀರನ್ನು ಸಾರಿಗೇ ಬಳಸಿ.

ಕೊಳ್ಳುವಾಗ ಎರಡು ದಿನಕ್ಕಾಗುವಷ್ಟೇ ಕೊಳ್ಳಿ. ಬಿಸಿಲಿನಲ್ಲಿ ಬಾಡಿದ ರಾಶಿಯಾಗಲಿ, ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ ಬೆವತ ಕಾಯಾಗಲಿ ಬೇಡ. ಮನೆಯಲ್ಲಿ ಕಾಯನ್ನು ಸುಲಿಯದೆ, ತೊಳೆಯದೆ, ಬಟ್ಟೆಯ ಚೀಲದಲ್ಲಿ ಫ್ರಿಜ್ಜಿನ ತರಕಾರಿ ಖಾನೆಯಲ್ಲಿಡಿ. ಫ್ರಿಜ್ ಇಲ್ಲದವರು ನೆರಳಿನ ತಂಪು ನೆಲದ ಮೇಲೆ ಹರಡಿ, ಮರುದಿನದೊಳಗೆ ಬಳಸಲಿ. ವಾರಗಟ್ಟಲೆ ಇಡಲೇಬೇಕೆಂದರೆ ಕಾಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ನೀರಾರಿಸಿ ಫ್ರೀಜರಿನಲ್ಲಿಡಿ. ಕುದಿಸುವಾಗ ಸ್ವಲ್ಪ ನಷ್ಟವಾದರೂ ಮೈನಸ್ 18 ಡಿಗ್ರಿಯಲ್ಲಿ ಉಳಿದದ್ದು ಬಹಳ ನಿಧಾನವಾಗಿ ಕಳೆಯುತ್ತದೆ.

ಇಷ್ಟಕ್ಕೂ ಕೂಡಿಡುವ ಆತುರವಾದರೂ ಏಕೆ? ಹಿಂದೆ ಅವರೆ ಚಳಿಗಾಲಕ್ಕಷ್ಟೇ ಸೀಮಿತವಾಗಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ‘ಹೆಬ್ಬಾಳ ಅವರೆ’ ತಳಿಗಳು ಹಗಲು ಗಿಡ್ಡವಾಗುವುದನ್ನು ಕಾಯದೆ ಕಾಯಿ ಬಿಡುತ್ತವೆ. ಚಳಿಗಾಲದ ಸೊಗಡು ಅವುಗಳಿಗಿಲ್ಲ ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೆ ಆ ಸೊಗಡನ್ನು ಚಳಿಗಾಲದಲ್ಲೇ, ತಾಜಾ ಇರುವಾಗಲೇ ಸವಿಯೋಣ.

ಮುಂದಿನ ಸಲ ಕಾಯಿ ಕೊಳ್ಳುವಾಗ ಬೆಲೆ ಎಷ್ಟೆಂದು ಕೇಳುವ ಮೊದಲು, ಯಾವಾಗ ಕಿತ್ತದ್ದೆಂದು ಕೇಳಿ.