ಘಾಟಿ ಇಳಿಯಲು ‘ಡಿ’ ಒಂದೇ ಸಾಲದು



ಕ್ಲಚ್ ತುಳಿಯಬೇಕಿಲ್ಲದ ಆಟೊಮ್ಯಾಟಿಕ್ ಗಾಡಿಗಳು ಈಗ ನಮ್ಮ ತೋಟದ ಮನೆಗಳ ಅಂಗಳಕ್ಕೂ ಬಂದಿವೆ. ಮೊಣಕಾಲು ನೋಯುವ ವಯಸ್ಸಿನ ನಮಗೆ ಇದು ಉಪಕಾರವೇ ಸರಿ. ಆದರೆ ‘ಡಿ’ಗೆ ಹಾಕಿಬಿಟ್ಟರೆ ಗಾಡಿಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ.

ಕಳೆದ ವರ್ಷ ಡಿಕ್ಕಿ ತುಂಬ ಅಡಿಕೆ ಹೇರಿಕೊಂಡು ಚಾರ್ಮಾಡಿ ಇಳಿಯುವಾಗ ನಾವೂ ಹಾಗೆಯೇ ನಂಬಿದ್ದೆವು. ಅರ್ಧ ದಾರಿಗೆ ಚಕ್ರದಿಂದ ಸುಟ್ಟ ವಾಸನೆ. ಬ್ರೇಕು ತುಳಿದಷ್ಟೂ ಹಿಡಿತ ಕಡಿಮೆ. ಹೇಗೋ ಬದಿಗೆ ನಿಲ್ಲಿಸಿ, ಆರುವವರೆಗೆ ಕಾದು ಹೊರಟೆವು. ತಪ್ಪು ಗಾಡಿಯದಲ್ಲ, ನಮ್ಮದು.

ಕಾರಣ ಸರಳ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ‘ಡಿ’ಯಲ್ಲಿ ಹಲವು ಗಾಡಿಗಳು ಮೇಲಿನ ಗಿಯರಿಗೇ ಹೋಗುತ್ತವೆ. ಇಂಜಿನ್ನಿನ ತಡೆ ಸಾಲದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ‘ಎಲ್’, ‘2’ ಅಥವಾ ಕೈಯಿಂದ ಗಿಯರು ಬದಲಿಸುವ ‘ಎಂ’ ಇರುವುದು ಇದಕ್ಕಾಗಿಯೇ. ಇಳಿಜಾರು ಶುರುವಾಗುವ ಮುನ್ನವೇ ವೇಗ ತಗ್ಗಿಸಿ ಅದಕ್ಕೆ ಹಾಕಬೇಕು. ಹತ್ತಲು ಬೇಕಾದ ಗಿಯರೇ ಇಳಿಯಲೂ ಬೇಕೆಂಬ ಹಳೆಯ ಲಾರಿ ಡ್ರೈವರುಗಳ ಮಾತು ಇಂದಿಗೂ ಸಲ್ಲುತ್ತದೆ. ಪೆಟ್ರೋಲು ಉಳಿಸಲೆಂದು ‘ಎನ್’ಗೆ ತಳ್ಳುವುದಂತೂ ಜೀವಕ್ಕೆ ಕುತ್ತು.

ಏರಿನಲ್ಲಿಯೂ ಎಚ್ಚರ ಬೇಕು. ಎ.ಎಂ.ಟಿ. ಗಾಡಿಯೊಳಗೂ ಕ್ಲಚ್ ಇದೆ. ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಏರಿನಲ್ಲಿ ತಡೆದು ನಿಲ್ಲಿಸಿದರೆ ಅದು ಸುಡುತ್ತದೆ, ಬ್ರೇಕನ್ನೇ ಹಿಡಿಯಬೇಕು.

ಮಕ್ಕಳ ಕೈಗೆ ಕೀಲಿಕೈ ಕೊಡುವ ಮುನ್ನ ಇಷ್ಟನ್ನು ಕಲಿಸುವುದು ಹಿರಿಯರ ಹೊಣೆ. ಬರುವ ಕೊಯ್ಲಿಗೆ ಮೊದಲು ಸಂಘದ ವತಿಯಿಂದ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಸದಸ್ಯರು ತಮ್ಮ ಅನಿಸಿಕೆ ತಿಳಿಸಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ