ಹೇಳಿದರೆ ಯಾರ ಗಂಟು ಹೋದೀತು?

ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ನಿಲ್ಲುವವನೂ ಸಂತೆಯಿಂದ ಸಂತೆಗೆ ಮೂಟೆ ಹೊರುವ ವ್ಯಾಪಾರಿಯೂ ಬದುಕುವುದು ಕಾಲಿನ ಮೇಲೆ. ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಅದು ರಕ್ತನಾಳ ಕಟ್ಟುತ್ತಿರುವ ಗುರುತಿರಬಹುದು. ಬೀಡಿಯೂ ಸಕ್ಕರೆ ಕಾಯಿಲೆಯೂ ಅದಕ್ಕೆ ದೊಡ್ಡ ಕಾರಣ.

ಆಂಜಿಯೋಗ್ರಾಂ ಮಾಡಿಸಿ ಎಂದು ನಾಗಮಂಗಲ, ಕೃಷ್ಣರಾಜಪೇಟೆಯ ರೋಗಿಗೆ ಮೈಸೂರಿನ ದಾರಿ ತೋರಿಸಿದರೆ, ಕಾಲು ಕೊಯ್ಯುತ್ತಾರೆಂದು ಹೆದರಿ ಹಿಂದಿರುಗುವವರುಂಟು. ಕೊಯ್ಯುವುದಿಲ್ಲ. ಸಾಮಾನ್ಯವಾಗಿ ತೊಡೆಸಂದಿಯನ್ನು ಸೂಜಿಯಿಂದ ಮರಗಟ್ಟಿಸಿ, ಸಣ್ಣ ನಳಿಕೆ ತೂರಿಸಿ, ಬಣ್ಣದ ಔಷಧ ಬಿಟ್ಟು ಎಕ್ಸ್-ರೇ ಚಿತ್ರ ತೆಗೆಯುತ್ತಾರೆ. ರೋಗಿಗೆ ಎಚ್ಚರವಿರುತ್ತದೆ. ಔಷಧ ಹರಿದಾಗ ಕಾಲು ಬಿಸಿಯಾಗುತ್ತದೆ, ಬೇಗ ಇಳಿಯುತ್ತದೆ. ಆಮೇಲೆ ಕೆಲವು ಗಂಟೆ ಕಾಲು ಮಡಿಸದೆ ಮಲಗಬೇಕು. ರಕ್ತ ಒಸರಿದರೆ, ಊದಿದರೆ, ಕಾಲು ತಣ್ಣಗಾದರೆ ಕೂಡಲೇ ಕೂಗಬೇಕು. ಮೂತ್ರಪಿಂಡದ ತೊಂದರೆ, ಒಗ್ಗದ ಔಷಧ, ರಕ್ತ ತೆಳುಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು.

ಇಷ್ಟನ್ನು ಕನ್ನಡದಲ್ಲಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಎಂತಹ ಒಪ್ಪಿಗೆ? ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ತಿಳಿಸಿಯೇ ಒಪ್ಪಿಗೆ ಪಡೆಯತಕ್ಕದ್ದೆಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ.

ಇ.ಎಸ್.ಐ. ವ್ಯಾಪ್ತಿಯ ಅರ್ಹ ಕಾರ್ಮಿಕನಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ಶೇ. 70 ದೊರೆಯುತ್ತದೆ. ಪಾಂಡವಪುರದ ಪೆಟ್ಟಿಗೆ ಅಂಗಡಿಯವನಿಗೆ, ಶ್ರೀರಂಗಪಟ್ಟಣದ ತಳ್ಳುಗಾಡಿಯವನಿಗೆ ಬಾಗಿಲು ಮುಚ್ಚಿದ ದಿನದ ದುಡ್ಡು ಕೊಡುವವರಾರು? ಅಂಥವರಿಗಾಗಿಯಾದರೂ, ತೋಳಿನ ಮತ್ತು ಕಾಲಿನ ರಕ್ತದೊತ್ತಡ ಹೋಲಿಸಿ ನೋಡುವ ಅಗ್ಗದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಂತೆಯ ದಿನ ನಡೆಯಲಿ. ಬೇಕಾದವರಷ್ಟೇ ಮೈಸೂರಿನ ಬಸ್ಸು ಹತ್ತಲಿ.